ಸಿದ್ದಲಿಂಗಮ್ಮ ಕೊಟ್ಟ ಗಡ್ಡೆಯ ಚೂರು

ಕೆ.ಆರ್. ಪೇಟೆ ಹತ್ತಿರದ ಶೀಳನೆರೆಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವಳು ಸಿದ್ದಲಿಂಗಮ್ಮ. ಲ್ಯಾಕ್ಟೋಮೀಟರ್ ಮುಳುಗಿಸುವ ಮೊದಲೇ, ಕ್ಯಾನು ಬಗ್ಗಿಸಿದ ರೀತಿ ನೋಡಿ, ನೀರು ಬಿದ್ದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಐವತ್ತು ದಾಟಿದ್ದರೂ ನಡಿಗೆಯಲ್ಲಿ ಹುಡುಗಿಯರನ್ನು ಹಿಂದೆ ಹಾಕುತ್ತಿದ್ದಳು.

೧೯೯೬ರ ಸುಗ್ಗಿಯ ಹೊತ್ತಿಗೆ ಅವಳಿಗೆ ಮುದ್ದೆ ಎದೆಯ ನಡುವೆ ನಿಲ್ಲತೊಡಗಿತು. ಮುದ್ದೆ ಬಿಟ್ಟು ಅನ್ನಕ್ಕೆ ಬಂದಳು. ಕೆಲವು ದಿನಕ್ಕೆ ಅನ್ನವೂ ನಿಂತಿತು. ಗ್ಯಾಸು ಎಂದು ಊರವರು ಕಂಡ ಕಂಡ ಕಷಾಯ ಕುಡಿಸಿದರು. ಕೊನೆಗೆ ಗಂಡ ಅಂದಾನಯ್ಯ ಕಷಾಯದ ಲೋಟ ಕಿತ್ತಿಟ್ಟು ಅವಳನ್ನು ಮೈಸೂರಿನ ಬಸ್ಸು ಹತ್ತಿಸಿದ.

ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರ್ ಅಂಬಿಕ ಇಬ್ಬರನ್ನೂ ಕೂರಿಸಿಕೊಂಡರು. "ಅನ್ನನಾಳದಲ್ಲಿ ಗಡ್ಡೆ ಇದೆ. ಕ್ಯಾನ್ಸರ್. ಆದ್ರೆ ಚಿಕ್ಕದು, ಆಪರೇಷನ್ ಮಾಡಿ ತೆಗೀಬಹುದು."

ಅಂದಾನಯ್ಯನ ಕಣ್ಣು ತುಂಬಿತು. ಸಿದ್ದಲಿಂಗಮ್ಮ ಮಾತ್ರ, "ಅಲ್ಲೀಗಂಟ ಡೈರಿ ಯಾರ್ ನೋಡ್ಕತಾರೆ?" ಎಂದಳು.

"ಹೊಗೆಸೊಪ್ಪು ಹಾಕ್ತೀರಾ? ಬೀಡಿ, ಹೆಂಡ?" ಡಾಕ್ಟರ್ ಬರೆದುಕೊಳ್ಳುತ್ತಾ ಕೇಳಿದರು.

"ಶಿವ ಶಿವಾ! ಅಂಗಂತ ಯಾರ್ ಏಳಿದ್ರು ನಿಮ್ಗೆ?"

"ಕಾಫಿ ಸುಡ್ತಾ ಕುಡೀತೀರಾ?"

ಅಂದಾನಯ್ಯ ನಡುವೆ ಬಾಯಿ ಹಾಕಿದ. "ಒಲೆಯಿಂದ ಸೀದಾ ಬಾಯ್ಗೇ ಕಣವ್ವ. ವಸಿ ಆರುದ್ರೂ ನನ್ ಮ್ಯಾಲೆ ರೇಗ್ತಾಳೆ."

ಡಾಕ್ಟರ್ ನಕ್ಕರು. "ಅದೂ ಒಂದು ಕಾರಣ ಇರಬಹುದು. ಇನ್ನೊಂದು ಅನುಮಾನನೂ ಇದೆ. ಕೈಮೇಲೆ ನರೂಲಿ ಏಳುತ್ತಲ್ಲ, ಅದನ್ನ ತರೋ ವೈರಸ್ಸಿನ ಕುಲದವೇ ಕೆಲವು ಈ ಕಾಯಿಲೆಗೂ ದಾರಿ ಮಾಡ್ತಾವಾ ಅಂತ ಹುಡುಕ್ತಿದೀವಿ. ಇನ್ನೂ ಖಚಿತವಾಗಿಲ್ಲ. ನಿಮ್ಮ ಗಡ್ಡೆಯಲ್ಲಿ ಒಂದು ಚೂರು ಪರೀಕ್ಷೆಗೆ ಕೊಡ್ತೀರಾ?"

"ಪೂರ್ತಿ ನೀವೇ ಮಡಿಕಳಿ ತಾಯಿ, ನಂಗ್ಯಾಕೆ ಅದು?"

ಆಪರೇಷನ್ ಸುಸೂತ್ರವಾಗಿ ಆಯಿತು. ಮೂರು ತಿಂಗಳು ಗಂಜಿ ಕುಡಿದು, ತೆಳ್ಳಗಾಗಿ, ಅವಳು ಡೈರಿಗೆ ಬಂದಳು. ಹೆಂಗಸರು ತಮ್ಮ ಪಾತ್ರೆಗಳನ್ನು ಹಿಂದಕ್ಕೆ ಎಳೆದುಕೊಂಡರು. ಮಗ ಜಯಕುಮಾರ್ ಟೀ ಅಂಗಡಿಯಲ್ಲಿ ವೈರಸ್ಸಿನ ಮಾತು ಆಡಿದ್ದೇ ತಡ, ಅದು ಊರೆಲ್ಲ ಸುತ್ತಿ ಅಂಟುರೋಗವಾಗಿತ್ತು.

"ಬೇಜಾರ್ ಮಾಡ್ಕಬ್ಯಾಡ ಕಣಕ್ಕ," ಎಂದ ಕರಿಯಪ್ಪ, ನಾಲ್ಕು ಎಮ್ಮೆಗಳ ಯಜಮಾನ. "ನಿನ್ ಕೈ ಆಲಿಗೆ ಸೋಕಾದ್ ಬ್ಯಾಡ."

ಯಾರಿಗೂ ಬಗ್ಗದ ಸಿದ್ದಲಿಂಗಮ್ಮ ಅಂದು ಕೊಟ್ಟಿಗೆಯಲ್ಲಿ ಎಮ್ಮೆಯ ಮಗ್ಗುಲಲ್ಲಿ ಕೂತು ಅತ್ತಳು. ಕ್ಯಾನ್ಸರ್ ಎಂದಾಗಲೂ ಅವಳು ಅತ್ತಿರಲಿಲ್ಲ. ಮರುದಿನ ಒಬ್ಬಳೇ ಮೈಸೂರಿಗೆ ಹೋಗಿ ಡಾಕ್ಟರನ್ನೇ ಕೇಳಿದಳು.

"ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟಲ್ಲಮ್ಮ," ಎಂದರು ಅಂಬಿಕ. "ನೀವು ಹಾಲು ಮುಟ್ಟಿದ್ರೆ ಯಾರಿಗೂ ಏನೂ ಆಗಲ್ಲ."

ಸಂಜೆ ಬಸ್ಸಿಳಿದವಳೇ ಡೈರಿಗೆ ನಡೆದಳು. ಸಾಲಿನಲ್ಲಿದ್ದ ಕರಿಯಪ್ಪನ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದಳು. ಬೆರಳ ತುಂಬ ನರೂಲಿ.

"ವೈರಸ್ಸು ಅಂದ್ರೆ ಇದೂ ವೈರಸ್ಸೇ ಕಣ್ಲಾ! ಈ ಕೈಲಿ ಕರ್ದಿದ್ ಆಲ ಇಷ್ಟ್ ವರ್ಸ ಅಳ್ದೀನಿ, ಒಂದ್ ದಿನ ಎದ್ರಿದ್ನಾ? ಕ್ಯಾನ್ಸರ್ ಅಂಟಾಕಿಲ್ಲ ಅಂತ ಡಾಕ್ಟ್ರೇ ಅಂದವ್ರೆ. ಬಗ್ಸು ಆಲ!"

ಮೊದಲು ನಕ್ಕಿದ್ದು ಅವನ ಹೆಂಡತಿ ಪುಟ್ಟತಾಯಮ್ಮ. ಆಮೇಲೆ ಸಾಲೇ ನಕ್ಕಿತು. ಕರಿಯಪ್ಪ ಹಾಲು ಬಗ್ಗಿಸಿದ.

ಒಂದು ವರ್ಷದ ಮೇಲೆ ಅಂಬಿಕ ಅವರ ಕಾಗದ ಬಂತು. ಪರೀಕ್ಷಿಸಿದ ಕೆಲವರ ಗಡ್ಡೆಯಲ್ಲಿ ವೈರಸ್ಸಿನ ಗುರುತು ಸಿಕ್ಕಿತ್ತು, ಹಲವರಲ್ಲಿ ಇರಲಿಲ್ಲ, ಅವಳದರಲ್ಲೂ ಇರಲಿಲ್ಲ. ಸಿಕ್ಕವರಿಗೂ ಅದರಿಂದಲೇ ಕಾಯಿಲೆ ಬಂತೆಂದು ಹೇಳುವಂತಿಲ್ಲ ಎಂದು ಬರೆದಿದ್ದರು. ಜಯಕುಮಾರ್ ಓದಿ ಮುಗಿಸಿದಾಗ, "ಅಂಗಾರೆ ಇನ್ನೂ ಉಡುಕ್ತಾವ್ರೆ ಅನ್ನು," ಎಂದಳು.

ಅದೇ ವಾರ ಪುಟ್ಟತಾಯಮ್ಮ ಗುಟ್ಟಾಗಿ ಬಂದು, ತನಗೂ ನುಂಗುವಾಗ ನೋವು ಎಂದಳು. ಮರುದಿನದ ಮೊದಲ ಬಸ್ಸಿಗೇ ಸಿದ್ದಲಿಂಗಮ್ಮ ಅವಳನ್ನು ಮೈಸೂರಿಗೆ ಕರೆದುಕೊಂಡು ಹೊರಟಳು. ಪುಣ್ಯಕ್ಕೆ ಅದು ಬರೀ ಹುಣ್ಣು. ಬರುವಾಗ ಇಬ್ಬರೂ ಸೀಟು ಸಿಗದೆ ಕೆ.ಆರ್. ಪೇಟೆಯವರೆಗೂ ನಿಂತೇ, ಹರಟುತ್ತಾ ಬಂದರು.