ಗೇಮಿನೊಳಗೆ ಉಳಿದುಹೋದ ಗೌರಿ

ಅಮ್ಮನ ಕಣ್ಣಿನ ಆಪರೇಷನ್ ಈಗಲೇ ಬೇಡ ಎಂದು ನಾನು ಹೇಳಿದೆನಂತೆ.

ತಮಿಳುನಾಡಿನ ಕಂಬೈನಲ್ಲೂರಿನ ಗಂಡನ ಮನೆಯಲ್ಲಿ ಮಗುವಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದೆ. ಅಮ್ಮ ಫೋನಿನಲ್ಲಿ ಇದನ್ನು ಏನೂ ವಿಶೇಷವಿಲ್ಲದಂತೆ ಹೇಳಿದಳು.

"ನೀನೇ ಬ್ಯಾಡ ಅಂದ್ಯಂತಲ್ಲ, ಮಾದೇಶ ಯೋಳ್ದ."

ನಾನು ಹೇಳಿಲ್ಲ. ಪೊರೆ ಬಂದು ಅಮ್ಮನ ಒಂದು ಕಣ್ಣು ಆಗಲೇ ಮಸುಕು, ತಡ ಮಾಡಿದರೆ ಹೋಗೇಬಿಡುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಬೇಡ ಅನ್ನಲು ನನಗೇನು ತಲೆ ಕೆಟ್ಟಿದೆಯೇ?

ಅದೂ ಅಲ್ಲದೆ, ಮಾದೇಶಣ್ಣನ ಜೊತೆ ನಾನು ಸರಿಯಾಗಿ ಮಾತಾಡಿಯೇ ಎಷ್ಟೋ ತಿಂಗಳಾಗಿತ್ತು.

ಅಣ್ಣ ಪೆನ್ನಾಗರಂ ಕಡೆ, ನಮ್ಮ ಊರಿನಲ್ಲೇ ಇದ್ದಾನೆ. ಆಡು ಮೇಯಿಸುತ್ತಾನೆ. ಫೋನ್ ಮಾಡಿದರೆ ಹೂಂ, ಉಹೂಂ, ಅಷ್ಟೇ. ಆದರೆ ಗೇಮಿನಲ್ಲಿ ಮೈಕ್ ಆನ್ ಆದರೆ ಸಾಕು, ಮನಸ್ಸಿನಲ್ಲಿರುವುದನ್ನೆಲ್ಲ ಹೇಳುತ್ತಾನೆ. ನನ್ನ ಮದುವೆಯಾದ ಮೇಲೆ ನಾವಿಬ್ಬರೂ ಕಷ್ಟಸುಖ ಮಾತಾಡುತ್ತಿದ್ದದ್ದು ಅಲ್ಲೇ.

ಸರ್ವೈವಲ್ ಗೇಮ್ ಅದು. ಸೌದೆ ಕಡಿಯಬೇಕು, ಬೇಲಿ ಕಟ್ಟಬೇಕು, ತೋಳ ಓಡಿಸಬೇಕು... ಊರಲ್ಲಿ ಮಾಡಿದ್ದೇ, ಸೆಗಣಿ ಬಾಚುವುದು ಮಾತ್ರ ಇಲ್ಲ.

ನಾವು ಫೋನ್ ಆಫ್ ಮಾಡಿದರೂ ಆ ಲೋಕ ನಿಲ್ಲುವುದಿಲ್ಲ. ಗೇಮಿನಲ್ಲಿ ನಾವಾಗಿ ಓಡಾಡುವ ಗೊಂಬೆ ಅಲ್ಲೇ ನಿದ್ದೆ ಮಾಡುತ್ತಾ ಬಿದ್ದಿರುತ್ತದೆ, ಬೇರೆಯವರು ಬಂದು ಇದ್ದದ್ದನ್ನೆಲ್ಲ ದೋಚಿಕೊಂಡು ಹೋಗಬಹುದು.

ಆಮೇಲೆ ಒಂದು ಅಪ್‌ಡೇಟ್ ಬಂತು. ನಾವಿಲ್ಲದಾಗ ಗೊಂಬೆ ತಾನೇ ಎದ್ದು, ನಮ್ಮನ್ನು ನೋಡಿ ಕಲಿತ ಹಾಗೇ ಆಡುತ್ತದಂತೆ, ನಮ್ಮ ದನಿಯಲ್ಲೇ ಮಾತಾಡುತ್ತದಂತೆ. ಇನ್ನು ಮುಂದೆ ಇಂಥ ಗೇಮ್‌ಗಳೆಲ್ಲ ಹೀಗೇ ಅಂತೆ. ಓದದೆ ಓಕೆ ಒತ್ತಿದ್ದೆ. ನೀವೂ ಒತ್ತುತ್ತಿದ್ದಿರಿ ಬಿಡಿ.

ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಬಂದ ಹೊಸದರಲ್ಲೇ ನನ್ನ ಫೋನ್ ನೀರಿನ ತೊಟ್ಟಿಗೆ ಬಿತ್ತು. ಪಾಸ್‌ವರ್ಡ್ ನೆನಪಿಲ್ಲ, ಮಗುವಿನ ಕೆಲಸದಲ್ಲಿ ಪುರುಸೊತ್ತೂ ಇಲ್ಲ. ಗೇಮ್ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಅಮ್ಮನ ಮಾತು ಕೇಳಿದವಳೇ ಹೊಸ ಫೋನಿನಲ್ಲಿ ಹೊಸ ಅಕೌಂಟ್ ಮಾಡಿಕೊಂಡು ಒಳಗೆ ಹೋದೆ. ಹೊರಗೆ ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಒಂದು ನಾಯಿಯೂ ಇಲ್ಲ.

ನಾನೂ ಅಣ್ಣನೂ ಕಟ್ಟಿದ್ದ ಕೋಟೆ ಹಾಗೇ ಇದೆ. ಒಲೆಯ ಹೊಗೆ ಏಳುತ್ತಿದೆ. ಹಿಂದೆ ನಾನು ಇಡುತ್ತಿದ್ದ ಹಾಗೇ ಬಾಗಿಲ ಮುಂದೆ ಯಾರೋ ಹೂ ಇಟ್ಟಿದ್ದಾರೆ, ಇವತ್ತಿನ ಹೂ.

"ಅಣ್ಣಾ" ಎಂದು ಕೂಗಿದೆ. ಯಾರೂ ಬಾಗಿಲು ತೆಗೆಯಲಿಲ್ಲ.

ಮೊದಲ ಕೂಗಿಗೇ ತೆಗೆಯಬಾರದು ಎನ್ನುವುದು ನಮ್ಮಜ್ಜಿ ಹೇಳಿಕೊಟ್ಟದ್ದು. ಹೊರಗಿನಿಂದ ಯಾರೇ ಕರೆದರೂ ಮೂರನೇ ಕೂಗಿಗೇ ಓಗೊಡಬೇಕು, ದೆವ್ವ ಒಂದೇ ಸಲ ಕರೆಯುವುದಂತೆ. ಕಳ್ಳರ ಕಾಟಕ್ಕೆ ಗೇಮಿನಲ್ಲೂ ಇದನ್ನೇ ಪಾಲಿಸುತ್ತಿದ್ದೆವು.

ಮೂರನೇ ಸಲ ಕೂಗಿದೆ. ಒಳಗಿನಿಂದ ನನ್ನ ದನಿಯೇ ಕೇಳಿಸಿತು.

"ಯಾರೋ ನನ್ನಂಗೇ ಕೂಗ್ತಾವ್ರೆ. ತೆಗೀಬ್ಯಾಡಣ್ಣ."

ನಮ್ಮ ಮನೆಯ ಕನ್ನಡ ಯಾವ ಫೋನಿಗೂ ಅರ್ಥವಾಗುವುದಿಲ್ಲ ಎಂದು ಎಷ್ಟು ಸಲ ಬೈದುಕೊಂಡಿದ್ದೇನೆ... ಇದು ಆ ಮಾತನ್ನು ನನಗಿಂತ ಚೆನ್ನಾಗಿ ಆಡುತ್ತಿದೆ.

ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ತಮಿಳು. ಈ ಬೀದಿಯಲ್ಲಿ ದಿನವೆಲ್ಲ ಅದೇ ಅಲ್ಲವೇ. "ಅಣ್ಣಾ, ನಾನ್ ದಾನ್" ಎಂದುಬಿಟ್ಟೆ, ನಾನೇ ಎನ್ನುವುದಕ್ಕೆ.

ಅಣ್ಣ ಒಳಗೆ ನಕ್ಕ. "ನಮ್ ಗೌರಿ ನನ್ನತ್ರ ತಮಿಳ್ ಮಾತಾಡಲ್ಲ. ಓಗಮ್ಮಾ, ಬ್ಯಾರೆ ಕಡೆ ನೋಡ್ಕೋ."

ಗಂಡನ ಫೋನ್ ಕಿತ್ತುಕೊಂಡು ಅಣ್ಣನ ನಂಬರಿಗೆ ಕಾಲ್ ಮಾಡಿದೆ. ರಿಂಗ್ ಆಗುತ್ತಿರುವುದು ಗೇಮಿನೊಳಗೆ, ಅವನ ಮೈಕಿನಲ್ಲಿ, ನನಗೇ ಕೇಳಿಸುತ್ತಿದೆ.

"ಬುಡಣ್ಣ, ನಾನಿಲ್ಲೇ ಇದೀನಲ್ಲ" ಎಂದಿತು ನನ್ನ ದನಿ.

ಅಣ್ಣ ಕಾಲ್ ಕಟ್ ಮಾಡಿದ.

ಸಿಟ್ಟೂ ಬಂತು, ಅಳುವೂ ಬಂತು. ಸುಮ್ಮನೆ ಕೂರುವವಳಲ್ಲ ನಾನು. ಮರುದಿನ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಸ್ ಹತ್ತಿ ಊರಿಗೆ ಹೋದೆ. ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ತೊಟ್ಟಿಗೆ ಬಿದ್ದ ಫೋನಿನಿಂದ ಹಿಡಿದು ಎಲ್ಲ ಬಿಡಿಸಿ ಹೇಳಿದೆ.

ಅವನ ಮುಖ ಸಣ್ಣದಾಯಿತು. ಆಪರೇಷನ್ ಎಂದರೆ ಅವನಿಗೆ ಅಮ್ಮನಿಗಿಂತ ಹೆಚ್ಚು ಭಯವಂತೆ. ಅದನ್ನು ಗೇಮಿನಲ್ಲಿ ಹೇಳಿಕೊಂಡಾಗ, ಭಯ ಆದರೆ ಬಿಡು ಅಣ್ಣ, ಬೇಡ ಎಂದಿತಂತೆ ನನ್ನ ಗೊಂಬೆ. ಅವನು ಏನು ಹೇಳಿದರೂ ಹೌದೆನ್ನುತ್ತದಂತೆ. ನಾನು ಯಾವತ್ತು ಹಾಗೆ ಒಪ್ಪಿದ್ದೇನೆ ಹೇಳಿ?

ಅಂತೂ ಅಮ್ಮನನ್ನು ಧರ್ಮಪುರಿಗೆ ಕರೆದುಕೊಂಡು ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು. ನನಗೆ ಹೋದ ಜೀವ ಬಂದಂತಾಯಿತು.

ಆಗ ಅಣ್ಣನ ಕೈಯಲ್ಲಿದ್ದ ಫೋನ್ ನನ್ನ ದನಿಯಲ್ಲಿ ಮಾತಾಡಿತು.

"ಅಣ್ಣಾ, ಯಾರ್ ಬಂದವ್ರೆ?"

ಅಣ್ಣ ನನ್ನ ಮುಖ ನೋಡಿದ. ನೋಡುತ್ತಲೇ ಫೋನನ್ನು ಬಾಯಿಯ ಹತ್ತಿರ ತಂದುಕೊಂಡು ಮೆಲ್ಲಗೆ ಹೇಳಿದ.

"ಯಾರೂ ಇಲ್ಲ ಕಣಮ್ಮಾ."

ಅಮ್ಮನ ಕಣ್ಣು ಈಗ ಪರವಾಗಿಲ್ಲ, ಮೊಮ್ಮಗನ ಮುಖ ಗುರುತಿಸುತ್ತಾಳೆ. ಅಣ್ಣ ಆ ಗೇಮ್ ಇನ್ನೂ ಬಿಟ್ಟಿಲ್ಲ. ಬಿಡು ಎಂದು ಹೇಳಲು ನನಗೂ ಬಾಯಿ ಬರುತ್ತಿಲ್ಲ...

ನೀವೇ ಹೇಳಿ, ಆ ಗೌರಿಗೆ ನಾನು ಏನಾಗಬೇಕು?