ಹದಿನೆಂಟೂ ಕಂದು

ಚೆನ್ನೈನ ಎಗ್ಮೋರ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಕಿಟ್ಟುವಿನ ಫ್ಯಾನ್ಸಿ ಸ್ಟೋರ್ ಇದೆ. ಬಳೆ, ಬಿಂದಿ, ಚೌರಿ, ನಾಟ್ಯದ ಗೆಜ್ಜೆ, ಗಿಲೀಟಿನ ಒಡವೆ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿಟ್ಟ ಆ ಅಂಗಡಿಯಲ್ಲಿ ನಿಂತು ಅನಸೂಯಮ್ಮ ನಾಲ್ಕನೆಯ ಐಶ್ಯಾಡೋ ಪ್ಯಾಲೆಟ್ಟಿನ ಮುಚ್ಚಳ ತೆಗೆದರು. ಹದಿನೆಂಟು ಬಣ್ಣದ ಬಿಲ್ಲೆಗಳು. ಹದಿನೆಂಟೂ ಕಂದು. ಒಂದು ಕಾಫಿಪುಡಿಯ ಬಣ್ಣ, ಒಂದು ನಶ್ಯದ ಬಣ್ಣ, ಒಂದು ಹುರಿದ ರವೆ, ಇನ್ನೊಂದು ಗೋಣಿಚೀಲ. ಕೊನೆಯ ಸಾಲಿನಲ್ಲಿ ಮಿನುಗುವ ಎರಡು ಬಿಲ್ಲೆಗಳಿದ್ದವು. ಅವೂ ಮಿನುಗುವ ಕಂದೇ.

"ಏನಪ್ಪಾ ಕಿಟ್ಟು, ಇದು ಕಣ್ಣಿಗೆ ಹಚ್ಚೋದಾ, ಗೋಡೆಗೆ ಮೆತ್ತೋದಾ? ನೀಲಿ ಎಲ್ಲಿ? ಹಸಿರೆಲ್ಲಿ?"

"ಈಗ ಇದೇ ಅಮ್ಮಾ ಓಡೋದು. ಹೊಸದು ಯಾವುದು ಬಂದ್ರೂ ಹಿಂಗೇ ಬರತ್ತೆ."

"ಹೋದ ವಾರಾನೂ ಇದನ್ನೇ ಅಂದೆ."

"ಹೋದ ವಾರಾನೂ ಇದೇ ಇತ್ತಲ್ಲಮ್ಮಾ," ಎಂದ ಕಿಟ್ಟು. ಅವನ ಅಪ್ಪ ಮುಳಬಾಗಿಲಿನಿಂದ ಬಂದು ಹಾಕಿದ ಅಂಗಡಿ ಅದು. ಚಡ್ಡಿ ಹಾಕುವ ಕಾಲದಿಂದಲೂ ಅವನು ಈಕೆಯ ಬೈಗುಳ ಕೇಳಿ ಬೆಳೆದವನು, ಹಾಗಾಗಿ ಬೇಜಾರು ಮಾಡಿಕೊಳ್ಳಲಿಲ್ಲ.

ಅನಸೂಯಮ್ಮನಿಗೆ ಅರವತ್ತಮೂರು. ಮನೆ ಕ್ರೋಂಪೇಟೆಯಲ್ಲಿ. ಗಂಡ ವಿಶ್ವನಾಥರಾಯರು ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿದ್ದವರು, ತೀರಿಕೊಂಡು ಎಂಟು ವರ್ಷವಾಯಿತು. ಮಗ ಅಜಯ್‌ಗೆ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಆದರೆ ಈಕೆಯನ್ನು ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಗುರುತಿಸುವವರು ಕಡಿಮೆ. ಚೆನ್ನೈನಲ್ಲಿ ಭರತನಾಟ್ಯ ಕಲಿಸುವ, ಕಲಿಯುವ ಮನೆಗಳಿಗೆಲ್ಲ ಅವರು ‘ಕಣ್ಣು ಮಾಮಿ’. ಮೂವತ್ತೆಂಟು ವರ್ಷದಿಂದ ಅರಂಗೇಟ್ರಂ, ಅಂದರೆ ರಂಗಪ್ರವೇಶ, ಮಾಡುವ ಹುಡುಗಿಯರಿಗೆ ಬಣ್ಣ ಹಚ್ಚುತ್ತಿದ್ದಾರೆ. ಮುಖ ಯಾರು ಬೇಕಾದರೂ ಬಳಿಯಬಹುದು, ಕಣ್ಣು ಮಾತ್ರ ಮಾಮಿಯೇ ಮಾಡಬೇಕು ಎನ್ನುವಷ್ಟು ಹೆಸರಿತ್ತು.

ಅವರದೊಂದು ಪದ್ಧತಿ. ಹುಡುಗಿ ಉಡುವ ರೇಷ್ಮೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಮಡಿಕೆ ಮುರಿಯುವುದು. ಮಡಿಕೆಯ ಬೆನ್ನಿನಲ್ಲಿ ಹಾಸಿನ ಬಣ್ಣ ಒಂದು ಕಾಣುತ್ತದೆ, ಒಳಗೆ ಹೊಕ್ಕಿನ ಬಣ್ಣ ಇನ್ನೊಂದು. ಒಳಗಿನದನ್ನೇ ಕಣ್ಣಿಗೆ ಇಡಬೇಕು. ಹುಡುಗಿ ತಿರುಗಿದಾಗ ಸೀರೆಯಲ್ಲಿ ಯಾವ ಬಣ್ಣ ಮಿಂಚುತ್ತದೋ, ರೆಪ್ಪೆ ಇಳಿಸಿದಾಗ ಅದೇ ಬಣ್ಣ ಅಲ್ಲೂ ಮಿಂಚಬೇಕು. ಅಂಥ ಬಣ್ಣ ಯಾವ ಡಬ್ಬಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಅದಕ್ಕೇ ಎಡಗೈಯ ಹಿಂಬದಿಯ ಮೇಲೆ ಎರಡು ಮೂರು ಬಣ್ಣ ತಿಕ್ಕಿ, ಕೂಡಿಸಿ, ಸರಿ ಬಂದಮೇಲೆ ಬ್ರಷ್ಷಿಗೆ ತೆಗೆದುಕೊಳ್ಳುತ್ತಿದ್ದರು. ಸೀಸನ್ನಿನ ದಿನಗಳಲ್ಲಿ ಅನ್ನ ಕಲಸುವಾಗಲೂ ಅವರ ಎಡಗೈ ಮೇಲೆ ನೀಲಿಯೋ ವಾಡಾಮಲ್ಲಿ ಹೂವಿನ ನೇರಳೆಯೋ ಅಂಟಿಕೊಂಡೇ ಇರುತ್ತಿತ್ತು. ರಾಯರು ಅದನ್ನು ನೋಡಿ, ಇವತ್ತು ಯಾವ ಹಕ್ಕಿ ಹಾರಿಸಿ ಬಂದೆ ಎಂದು ಕೇಳುತ್ತಿದ್ದರು.

ಹೀಗೆ ಮಾಡಿದ ಕಣ್ಣುಗಳಲ್ಲಿ ಅವರಿಗೇ ಅತಿ ಮೆಚ್ಚಾದದ್ದು ಶ್ರೀವಿದ್ಯಾಳದು. ಇಪ್ಪತ್ತಾರು ವರ್ಷದ ಹಿಂದಿನ ಮಾತು. ನವಿಲುಕೊರಳಿನ ಬಣ್ಣದ ರೇಷ್ಮೆ. ಹೊರಗೆ ನೀಲಿ, ಮಡಿಕೆಯಲ್ಲಿ ನೀಲಿ ಬೆರೆತ ಹಸಿರು. ಅವತ್ತು ಸಭಾದ ಕೊನೆಯ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಗ್ರೀನ್ ರೂಮಿಗೆ ಹುಡುಕಿಕೊಂಡು ಬಂದು, ಅಷ್ಟು ದೂರಕ್ಕೂ ಮಗುವಿನ ಕಣ್ಣು ಎತ್ತ ಹೋಯಿತು ಎತ್ತ ಬಂತು ಎಲ್ಲ ಕಂಡಿತು ಎಂದು ಅನಸೂಯಮ್ಮನ ಕೈ ಹಿಡಿದುಕೊಂಡಿದ್ದರು. ಈಗ ಶ್ರೀವಿದ್ಯಾಳ ಮಗಳು ಮಾನ್ಯಾಳಿಗೆ ಹದಿನಾಲ್ಕು. ಅದೇ ರೇಷ್ಮೆಯನ್ನು ಬಿಚ್ಚಿ ಅವಳ ಅಳತೆಗೆ ಹೊಲಿಸಿದ್ದಾರೆ. ಅರಂಗೇಟ್ರಂಗೆ ಎರಡು ತಿಂಗಳಿದೆ ಎನ್ನುವಾಗ ಶ್ರೀವಿದ್ಯಾ ಫೋನ್ ಮಾಡಿ, "ಮಾಮಿ, ನೀವೇ ಬರಬೇಕು. ನನಗೆ ಹಾಕಿದ್ರಲ್ಲ, ಅದೇ ಕಲರ್ ಅವಳಿಗೂ ಹಾಕಬೇಕು," ಎಂದಿದ್ದಳು.

ಒಂದು ವರ್ಷದಿಂದ ಒಂದೇ ಒಂದು ಕರೆ ಬಂದಿರದ ಅನಸೂಯಮ್ಮ ಹೂಂ ಎಂದುಬಿಟ್ಟರು. ಆಮೇಲೆ ಡಬ್ಬಿ ತೆಗೆದು ನೋಡಿದರೆ ನೀಲಿ, ಹಸಿರು ಬಿಲ್ಲೆಗಳ ನಡುವೆ ತಗಡು ಕಾಣುತ್ತಿತ್ತು. ಅಂಚಿನಲ್ಲಿ ಉಗುರಿನ ತುದಿಯಷ್ಟು ಅಗಲದ ಬಣ್ಣದ ಬಳೆಯೊಂದು ಉಳಿದಿತ್ತು, ಅಷ್ಟೇ. ಆ ಪ್ಯಾಲೆಟ್ಟು ಬರುವುದು ನಿಂತು ನಾಲ್ಕು ವರ್ಷವಾಗಿತ್ತು. ಪ್ಯಾರೀಸ್ ಕಾರ್ನರಿನ ಅಂಗಡಿಗಳನ್ನು ಸುತ್ತಿದರು, ರಂಗನಾಥನ್ ಬೀದಿಯಲ್ಲಿ ತಳ್ಳಾಡಿಸಿಕೊಂಡರು, ಮಾಲ್‌ನಲ್ಲಿ ತುಟಿ ಅರಳಿಸದ ಹುಡುಗಿಯರ ಮುಂದೆ ಡಬ್ಬಿಗಳನ್ನು ಒಂದೊಂದಾಗಿ ತೆಗೆಸಿದರು. ಎಲ್ಲಿ ಹೋದರೂ ಅದೇ ಕಾಫಿಪುಡಿ, ಅದೇ ಗೋಣಿಚೀಲ. ಜನಕ್ಕೆ ಏನಾಗಿದೆ, ಕಣ್ಣಿಗೆ ಮಣ್ಣು ಹಾಕಿಕೊಳ್ಳುವುದೂ ಒಂದು ಅಲಂಕಾರವೇ ಎಂದು ಅವರ ಪಿತ್ತ ನೆತ್ತಿಗೇರಿತು.

ಕಿಟ್ಟುವಿನ ಅಂಗಡಿಯಿಂದ ಬಂದ ಆ ಸಂಜೆ, ಆಫೀಸಿನಿಂದ ಬಂದ ಅಜಯ್‌ನನ್ನು ನೋಡಿ ಅವರಿಗೆ ಇನ್ನೂ ರೇಗಿತು. "ನೀನೂನಾ? ಈ ಕಂದು ಷರ್ಟು ಯಾಕೋ ತೊಗೊಂಡೆ?"

ಅಜಯ್ ತನ್ನ ಷರ್ಟನ್ನು ನೋಡಿಕೊಂಡ. "ಅಮ್ಮಾ, ಇದು ವಯಲೆಟ್."

"ಸುಮ್ನಿರೋ. ಬಣ್ಣದ ವಿಷಯ ನನಗೆ ಹೇಳಿಕೊಡಬೇಡ."

ಅಜಯ್ ಸುಮ್ಮನಿರಲಿಲ್ಲ. ಶನಿವಾರ ರಜೆಯಲ್ಲಿ ಒತ್ತಾಯ ಮಾಡಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಚೆನ್ನಾಗಿ ಬಲಿತಿದೆ ಎಂದಳು. ಹಳದಿ ಗಾಜಿನೊಳಗಿಂದ ನೋಡಿದ ಹಾಗೆ ಎಲ್ಲ ಮಾಸಲಾಗಿ ಕಾಣುತ್ತದೆ, ಮೊದಲು ಮಂಕಾಗುವುದೇ ನೀಲಿಯಂಥ ಬಣ್ಣಗಳು ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದಳು.

ಅನಸೂಯಮ್ಮ ಕುರ್ಚಿಯ ಅಂಚಿಗೆ ಬಂದರು. ಹಾಗಾದರೆ ನೀಲಿ ಇದ್ದರೂ ತನಗೆ ಕಂದಾಗಿ ಕಾಣಬಹುದೇ ಎಂದು ಕೇಳಿದರು. ಕಾಣಬಹುದು ಎಂದಳು ಡಾಕ್ಟರು. ಅನಸೂಯಮ್ಮನ ಮುಖ ಅರಳಿತು. ಪೊರೆ ಬಂದಿದೆ ಎಂದು ಇಷ್ಟು ಹಿಗ್ಗುವ ಪೇಷೆಂಟನ್ನು ಆ ಹುಡುಗಿ ಹಿಂದೆ ನೋಡಿರಲಿಕ್ಕಿಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುವ ಮೊದಲೇ ಅನಸೂಯಮ್ಮ ಕಿಟ್ಟುವಿಗೆ ಫೋನ್ ಹಚ್ಚಿದರು. "ಕಿಟ್ಟು, ಆ ಡಬ್ಬಿಗಳನ್ನ ಯಾರಿಗೂ ಕೊಡಬೇಡ, ಎತ್ತಿಡು. ತಪ್ಪು ನನ್ನದೇ ಕಣಪ್ಪಾ. ನಿನ್ನನ್ನ ಸುಮ್ಮನೆ ಬೈದೆ." ಆ ಕಡೆ ಕಿಟ್ಟು ಏನೋ ಹೇಳಲು ಹೋದ. ಅವರು ಕೇಳಿಸಿಕೊಳ್ಳಲಿಲ್ಲ.

ಹದಿನೈದು ದಿನದ ಅಂತರದಲ್ಲಿ ಎರಡೂ ಕಣ್ಣಿನ ಆಪರೇಷನ್ ಆಯಿತು. ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಅನಸೂಯಮ್ಮ ಮನೆಯ ಬಾಲ್ಕನಿಯಲ್ಲಿ ಬಹಳ ಹೊತ್ತು ನಿಂತರು. ಎದುರು ಮನೆಯ ನೀರಿನ ಟ್ಯಾಂಕು ಇಷ್ಟು ನೀಲಿ ಇತ್ತೇ? ಹಗ್ಗದ ಮೇಲೆ ಒಣಗುತ್ತಿದ್ದ ಅಜಯ್‌ನ ಷರ್ಟು ಹೌದು, ವಯಲೆಟ್ಟೇ. ಬದನೆಹೂವಿನ ಬಣ್ಣ ಎಂದರೆ ಅದೇ. ಅವರಿಗೆ ಅಳು ಬಂತು, ಕಣ್ಣಿಗೆ ನೀರು ತಾಗಿಸಬಾರದು ಎಂದಿದ್ದು ನೆನಪಾಗಿ ತಡೆದುಕೊಂಡರು.

ಖುಷಿಯಲ್ಲಿ ಫೋನಿನಲ್ಲಿದ್ದ ಹಳೆಯ ಅರಂಗೇಟ್ರಂ ಫೋಟೋಗಳನ್ನು ಒಂದೊಂದೇ ತೆಗೆದು ನೋಡತೊಡಗಿದರು. ತನ್ನ ಬಣ್ಣಗಳನ್ನು ಮತ್ತೆ ನೋಡುವ ಆಸೆ. ಹಳೆಯವು ಚೆನ್ನಾಗಿದ್ದವು. ಕೊನೆಯದಕ್ಕೆ ಬಂದಾಗ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದರು. ಅದು ಹೋದ ವರ್ಷ ಮಾಡಿದ್ದ ಪಾವನಾ ಎಂಬ ಹುಡುಗಿಯ ಫೋಟೋ. ರೆಪ್ಪೆಯಿಂದ ಹುಬ್ಬಿನವರೆಗೆ ಹಸಿರು ಬೆರೆತ ನೀಲಿ. ಗೇಟಿಗೆ ಪೇಂಟು ಹೊಡೆದ ಹಾಗೆ, ಪದರದ ಮೇಲೆ ಪದರ. ಅವತ್ತು ನೀಲಿ ಯಾಕೋ ಏಳುತ್ತಿಲ್ಲ, ಸರಕು ಹಳೆಯದಾಯಿತೇನೋ ಎಂದುಕೊಂಡು ಮತ್ತೆ ಮತ್ತೆ ತಿಕ್ಕಿದ್ದು ನೆನಪಾಯಿತು. ಹುಡುಗಿಯ ತಾಯಿ ಸೂಪರ್ ಮಾಮಿ ಎಂದಿದ್ದಳು. ಆಮೇಲೆ ಆ ಮನೆಯಿಂದಾಗಲಿ, ಅವಳ ನಾಟ್ಯದ ಟೀಚರಿನ ಬೇರೆ ಯಾವ ಶಿಷ್ಯೆಯ ಮನೆಯಿಂದಾಗಲಿ ಕರೆ ಬರಲಿಲ್ಲ. ಫ್ಯಾಷನ್ ಬದಲಾಯಿತು ಎಂದು ಅನಸೂಯಮ್ಮ ತಮಗೆ ತಾವೇ ಹೇಳಿಕೊಂಡಿದ್ದರು.

ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಮಾನ್ಯಾಳಿಗೆ ಬೇಕಾದ ನೀಲಿ, ಹಸಿರು ಎಲ್ಲಿ ಹೋಯಿತು ಎಂದು ಊರೆಲ್ಲ ಹುಡುಕುತ್ತಿದ್ದಾರಲ್ಲ, ಅದು ಇಲ್ಲೇ ಇದೆ. ನಾಲ್ಕು ಹುಡುಗಿಯರಿಗೆ ಆಗುವಷ್ಟನ್ನು ಪಾವನಾಳ ಎರಡು ರೆಪ್ಪೆಗಳ ಮೇಲೆ ತಾವೇ ಮೆತ್ತಿ ಮುಗಿಸಿದ್ದಾರೆ.

ಮರುದಿನವೇ ಕಪ್ಪು ಕನ್ನಡಕ ಹಾಕಿಕೊಂಡು ಎಗ್ಮೋರಿಗೆ ಹೋದರು. ಕಿಟ್ಟು ಎತ್ತಿಟ್ಟಿದ್ದ ನಾಲ್ಕು ಡಬ್ಬಿಗಳನ್ನು ಕೌಂಟರಿನ ಮೇಲಿಟ್ಟ. ಅನಸೂಯಮ್ಮ ಅವನ್ನು ಹೊರಗೆ ಬಿಸಿಲಿಗೆ ಒಯ್ದು, ಕನ್ನಡಕ ತೆಗೆದು, ಒಂದೊಂದೇ ಮುಚ್ಚಳ ಎತ್ತಿದರು. ಈಗ ಎಲ್ಲ ಬಹಳ ಸ್ಪಷ್ಟವಾಗಿತ್ತು. ಕಾಫಿಪುಡಿಯಲ್ಲಿ ಚಿಕೋರಿ ಎಷ್ಟಿದೆ ಎನ್ನುವುದೂ ತಿಳಿಯುವಷ್ಟು. ನಾಲ್ಕರಲ್ಲೂ ಹದಿನೆಂಟಕ್ಕೆ ಹದಿನೆಂಟೂ ಬೇರೆ ಬೇರೆ, ಹದಿನೆಂಟೂ ಕಂದು.

"ಅವತ್ತೇ ಹೇಳಕ್ಕೆ ಬಂದೆ ಅಮ್ಮಾ," ಎಂದ ಕಿಟ್ಟು. "ಬಣ್ಣದ್ದು ತರಿಸಿದ್ರೆ ಕಂದು ಖಾಲಿ ಆಗತ್ತೆ, ನೀಲಿ ಹಂಗೇ ಕೂತಿರತ್ತೆ. ಆಫೀಸಿಗೆ ಯಾರು ಹಾಕ್ಕೊಂಡು ಹೋಗ್ತಾರೆ? ಕಂಪನಿಯವರೂ ನಿಲ್ಲಿಸಿಬಿಟ್ರು. ಫ್ಯಾನ್ಸಿ ಡ್ರೆಸ್ಸಿಗೆ ಬಳಿಯೋ ಟ್ಯೂಬಿದೆ, ಕೊಡ್ಲಾ?"

"ಆಂಜನೇಯನ ವೇಷ ಹಾಕಿಸ್ತಿಲ್ಲ ಕಿಟ್ಟು ನಾನು," ಎಂದರು ಅನಸೂಯಮ್ಮ. ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

ಅಜಯ್ ಆನ್‌ಲೈನ್‌ನಲ್ಲಿ ಹುಡುಕಿ ಒಂದನ್ನು ತರಿಸಿಕೊಟ್ಟ. ಅದರಲ್ಲಿ ಒಂದೇ ಒಂದು ನೀಲಿ, ಮೂಲೆಯಲ್ಲಿ, ದೃಷ್ಟಿಬೊಟ್ಟಿನ ಹಾಗೆ. ಕೈಮೇಲೆ ತಿಕ್ಕಿದರೆ ಸುಣ್ಣದ ಪುಡಿಯಂತೆ ಉದುರಿ ಬೂದಿಬಣ್ಣವಾಯಿತು. ಅಮ್ಮನ ಮುಖ ನೋಡಿ ಅಜಯ್, "ಬೇರೆ ಯಾವುದಾದ್ರೂ ನೋಡ್ತೀನಿ ಅಮ್ಮಾ," ಎಂದ. ಅವರು ಬೇಡ ಎಂದರು.

ಅರಂಗೇಟ್ರಂನ ಹಿಂದಿನ ಮಧ್ಯಾಹ್ನ ಹಳೆಯ ಡಬ್ಬಿಯನ್ನು ಕಿಟಕಿಯ ಬಳಿ ಇಟ್ಟುಕೊಂಡು ಕುಳಿತರು. ಹೇರ್‌ಪಿನ್ನಿನ ತುದಿಯಿಂದ ತಗಡಿನ ಅಂಚಿಗೆ ಅಂಟಿದ್ದ ನೀಲಿಯನ್ನೂ ಹಸಿರನ್ನೂ ಕೆರೆದು ಕೆರೆದು ಬೇರೆ ಬೇರೆ ಕಾಗದದ ಮೇಲೆ ಕೂಡಿಹಾಕಿದರು. ಫ್ಯಾನ್ ಆರಿಸಿದ್ದರು, ಉಸಿರು ಕೂಡ ಬಿಗಿಹಿಡಿದಿದ್ದರು. ಎರಡು ಗಂಟೆಯ ಕೆಲಸ. ಕೊನೆಗೆ ಒಂದು ಜೊತೆ ಕಣ್ಣಿಗೆ, ತಪ್ಪದೆ ಹಚ್ಚಿದರೆ, ಸಾಕಾಗುವಷ್ಟು ಸಿಕ್ಕಿತು. ಇನ್ನು ತಪ್ಪುವುದಿಲ್ಲ, ಈಗ ಕಣ್ಣು ಕಾಣುತ್ತದೆ ಎಂದು ಅವರಿಗೆ ಧೈರ್ಯವಿತ್ತು.

ಟಿ. ನಗರದ ಒಂದು ಚಿಕ್ಕ ಸಭಾದ ಗ್ರೀನ್ ರೂಮಿನಲ್ಲಿ ಮಾನ್ಯಾ ಕನ್ನಡಿಯ ಮುಂದೆ ಕೂತಿದ್ದಳು. ಅವಳ ಮೈಮೇಲಿನ ರೇಷ್ಮೆಯ ತುದಿಯನ್ನು ಅನಸೂಯಮ್ಮ ಕಿಟಕಿಯ ಕಡೆ ಎಳೆದು ಮಡಿಕೆ ಮುರಿದರು. ಒಳಗೆ ಹಸಿರು ಮಿಂಚಿತು. ಕಾಗದ ಬಿಚ್ಚಿ ಎರಡನ್ನೂ ಎಡಗೈಯ ಹಿಂಬದಿಗೆ ಹಾಕಿಕೊಂಡು ಬೆರಳಿನಿಂದ ಕೂಡಿಸಿದರು. ಮೂರು ಸುತ್ತಿಗೇ ಬಂತು. ಸೀರೆಯ ಪಕ್ಕ ಕೈ ಇಟ್ಟು ನೋಡಿದರು. ಎಲ್ಲಿ ರೇಷ್ಮೆ ಮುಗಿಯಿತು, ಎಲ್ಲಿ ಕೈ ಶುರುವಾಯಿತು ತಿಳಿಯುತ್ತಿರಲಿಲ್ಲ. ಒಂದು ವರ್ಷದ ಮೇಲೆ ಅವರಿಗೆ ಎದೆ ತುಂಬಿದಂತಾಯಿತು.

ಬ್ರಷ್ ಎತ್ತಿದಾಗ ಮಾನ್ಯಾ ತಲೆ ಹಿಂದೆ ಸರಿಸಿದಳು. "ಪಾಟಿ, ಬ್ಲೂ ವೇಣಾಂ ಪ್ಲೀಸ್. ಬ್ರೌನ್ ಪೋದುಂ. ಫ್ರೆಂಡ್ಸ್ ಎಲ್ಲಾಂ ವರಾಂಗ." ನೀಲಿ ಬೇಡ ಅಜ್ಜಿ, ಕಂದು ಸಾಕು, ಗೆಳತಿಯರೆಲ್ಲ ಬರುತ್ತಿದ್ದಾರೆ ಎಂದು ಹುಡುಗಿ ಬಹಳ ಮರ್ಯಾದೆಯಿಂದಲೇ ಹೇಳಿ, ತನ್ನ ಬ್ಯಾಗಿನಿಂದ ಪುಟ್ಟ ಪ್ಯಾಲೆಟ್ಟೊಂದನ್ನು ತೆಗೆದು ಮುಂದಿಟ್ಟಳು. ಒಂಬತ್ತು ಬಿಲ್ಲೆ.

ಅನಸೂಯಮ್ಮ ಶ್ರೀವಿದ್ಯಾಳ ಕಡೆ ನೋಡಿದರು. ಶ್ರೀವಿದ್ಯಾ ಮಗಳ ಜಡೆಯ ಕುಚ್ಚನ್ನು ಸರಿಮಾಡುತ್ತ, "ಮಾಮಿ, ನಾನು ಎಷ್ಟೋ ಹೇಳಿದೆ. ಅವಳು ಪಾವನಾ ಫೋಟೋ ನೋಡಿಬಿಟ್ಟಿದಾಳೆ," ಎಂದಳು. ತಕ್ಷಣ ಅಂದಿದ್ದು ತಪ್ಪಾಯಿತೆಂದು ಅವಳ ಮುಖ ಸಪ್ಪಗಾಯಿತು.

"ಆಗ ನನ್ನ ಕಣ್ಣಲ್ಲಿ ಪೊರೆ ಇತ್ತಮ್ಮ. ಈಗ ತೆಗೆಸಿದೀನಿ. ಈಗ ಸರಿಯಾಗಿ ಕಾಣತ್ತೆ."

"ಗೊತ್ತು ಮಾಮಿ. ನಿಮ್ಮ ಬಗ್ಗೆ ಅಲ್ಲ. ಈ ಕಾಲದ ಮಕ್ಕಳು, ಅಷ್ಟೇ."

ವಾದ ಮಾಡಬಹುದಿತ್ತು. ಆದರೆ ಇನ್ನರ್ಧ ಗಂಟೆಯಲ್ಲಿ ರಂಗಕ್ಕೆ ಹೋಗುವ ಮಗುವನ್ನು ಅಳಿಸಬಾರದು ಎನ್ನುವುದು ಈ ಕೆಲಸದಲ್ಲಿ ಅವರು ಕಲಿತ ಮೊದಲ ಪಾಠ. ಎಡಗೈಯನ್ನು ಸೆರಗಿನ ಮರೆಗೆ ಸರಿಸಿ, ಪುಟ್ಟ ಪ್ಯಾಲೆಟ್ಟಿನಿಂದ ಕಂದು ತೆಗೆದುಕೊಂಡರು. ಒಂಬತ್ತು ಕಂದುಗಳಲ್ಲಿ ಮೂರನ್ನು ಆರಿಸಿ, ಒಂದರೊಳಗೊಂದು ಕರಗುವಂತೆ ಹಚ್ಚಿದರು. ಕನ್ನಡಿ ನೋಡಿಕೊಂಡ ಮಾನ್ಯಾ ಖುಷಿಯಿಂದ ಅವರ ಕೆನ್ನೆಗೆ ಮುತ್ತು ಕೊಟ್ಟಳು.

ಅನಸೂಯಮ್ಮ ಎಂದಿನಂತೆ ಕೊನೆಯ ಸಾಲಿಗೆ ಹೋಗಿ ಕೂತರು. ಅಲ್ಲಿಂದ ಕಣ್ಣು ಕಾಣುತ್ತದೋ ಇಲ್ಲವೋ ನೋಡುವುದು ಅವರ ಹಳೆಯ ಅಭ್ಯಾಸ. ವೇದಿಕೆಯ ಮೇಲೆ ದೀಪದ ಬತ್ತಿ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಮಾನ್ಯಾ ಕೃಷ್ಣನ ದಾರಿ ಕಾಯುವ ಪದ ಹಿಡಿದಳು. ಚೆನ್ನಾಗಿ ಮಾಡುತ್ತಿದ್ದಳು, ತಾಯಿಗಿಂತ ಮೆತ್ತಗಿನ ಕೈ. ಆದರೆ ಕಣ್ಣು ಎಡಕ್ಕೆ ಹೋಯಿತೋ ಬಲಕ್ಕೋ, ಅವನು ಬರುವುದು ಕಂಡಿತೋ ಇಲ್ಲವೋ, ಇಲ್ಲಿಗೆ ಏನೂ ತಲುಪಲಿಲ್ಲ. ದೀಪದ ಬೆಳಕಿನಲ್ಲಿ ಮುಖ ಮಾತ್ರ ಇತ್ತು, ಕಣ್ಣಿದ್ದ ಕಡೆ ಕಂದು ನೆರಳು. ಎಷ್ಟು ನ್ಯಾಚುರಲ್ ಆಗಿದ್ದಾಳೆ ಎಂದು ಪಕ್ಕದ ಹೆಂಗಸು ತಮಿಳಿನಲ್ಲಿ ಮೆಚ್ಚಿಕೊಂಡಳು. ಅನಸೂಯಮ್ಮ ತಲೆಯಾಡಿಸಿದರು. ತನಗೆ ಇನ್ನು ಇಲ್ಲಿ ಕೆಲಸವಿಲ್ಲ ಎನ್ನುವುದು ಅವರಿಗೆ ಅಲ್ಲೇ, ಆ ಕುರ್ಚಿಯಲ್ಲೇ, ಖಚಿತವಾಯಿತು.

ಆಮೇಲೆ ಊಟವಿತ್ತು. ಎಲೆಯ ಮುಂದೆ ಕೂರುವ ಮೊದಲು ಕೈ ತೊಳೆಯಲು ಹೋದಾಗ ಪಕ್ಕದ ನಲ್ಲಿಗೆ ಶ್ರೀವಿದ್ಯಾ ಬಂದಳು. ಅವಳ ದೃಷ್ಟಿ ಅವರ ಎಡಗೈಯ ಮೇಲೆ ನಿಂತಿತು.

"ಮಾಮಿ, ಇದು ನನ್ನ ಕಲರ್ ಅಲ್ವಾ?"

"ಹೂಂ, ನಿಂದೇ," ಎಂದರು ಅನಸೂಯಮ್ಮ.

ಶ್ರೀವಿದ್ಯಾ ಮುಟ್ಟಲು ಬೆರಳು ಚಾಚಿದಳು, ಅಷ್ಟರಲ್ಲಿ ಯಾರೋ ಕರೆದರೆಂದು ಹೋದಳು. ಹಿಂದೆ ನಾಲ್ಕೈದು ಜನ ಕೈ ತೊಳೆಯಲು ಕಾಯುತ್ತಿದ್ದರು. ಅನಸೂಯಮ್ಮ ನಲ್ಲಿ ತಿರುಗಿಸಿ, ಸೋಪು ಹಚ್ಚಿ, ಬೇಗ ಬೇಗ ತಿಕ್ಕಿದರು.