ಅಮರಪ್ಪ ತುಳಿಯದ ಪೆಡಲ್

ಬುಧವಾರ ಬೆಳಿಗ್ಗೆ ನನ್ನ ಗಂಡ ಅಮರಪ್ಪ ಎರಡು ರೊಟ್ಟಿ ತಿಂದರು, ಎರಡು ಬುತ್ತಿಗೆ ಕಟ್ಟಿಸಿಕೊಂಡರು. ಚಟ್ನಿಪುಡಿಗೆ ಎಣ್ಣೆ ಕಡಿಮೆ ಎಂದು ಜಗಳ ತೆಗೆದರು. ದಾಸರಹಳ್ಳಿಯ ನಮ್ಮ ಒಂದು ಕೋಣೆಯ ಮನೆಯಲ್ಲಿ ಅದು ದಿನದ ಜಗಳ. ಚಪ್ಪಲಿ ಮೆಟ್ಟುತ್ತಾ ಹೇಳಿದರು:

"ಆ ಹೊಸಾ ಪ್ರೆಸ್ಸು ಕರೆಂಟ್ ಹೋಗಿ ಬಂದ್ರ ಒಮ್ಮೊಮ್ಮೆ ತಾನಾ ಇಳಿತೈತಿ, ಮರೆವ್ವ. ನಾ ಪೆಡಲ್ ತುಳಿದಿರೂದಿಲ್ಲ."

"ಸೂಪರ್‌ವೈಸರ್‌ಗೆ ಹೇಳ್ರಿ."

"ಹೇಳೀನಿ. ರಾತ್ರಿ ಕುಡಿದಿದ್ದೇನಯ್ಯಾ ಅಂದ."

ಅವರು ಕುಡಿಯುತ್ತಿರಲಿಲ್ಲ. ಲಿಂಗಸೂಗೂರಿನಿಂದ ಬಂದು ಹದಿನಾಲ್ಕು ವರ್ಷ ಪೀಣ್ಯದಲ್ಲಿ ತಗಡು ಒತ್ತಿದವರು. ಹತ್ತು ಬೆರಳೂ ಉಳಿಸಿಕೊಂಡಿದ್ದರು. ಅವರ ಜೊತೆಯವರಲ್ಲಿ ಅಂಥವರು ಕಡಿಮೆ.

ಕರೆಂಟ್ ಹೋದ ಹೊತ್ತೇ ಅಲ್ಲಿ ಮಷೀನ್ ಒರೆಸುವ ಹೊತ್ತು. ಮರುದಿನ ಗುರುವಾರ ಅವರು ಪ್ರೆಸ್ಸಿನ ಹಿಂದಿನಿಂದ ಬಗ್ಗಿ ಒರೆಸುತ್ತಿದ್ದರು. ಎರಡೇ ನಿಮಿಷಕ್ಕೆ ಕರೆಂಟ್ ಬಂತು. ಪ್ರೆಸ್ಸು ಇಳಿಯಿತು.

ಹನ್ನೊಂದನೆಯ ದಿನ ಸೂಪರ್‌ವೈಸರ್ ಚಿಕ್ಕಬೈರಪ್ಪ ಕಾಗದ ತಂದ. ಹೋದೋರು ಹೋದ್ರು ಕಣಮ್ಮ, ಸೈನ್ ಹಾಕಿಬಿಡಿ ಎಂದ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದಿದೆ. ಪೆಡಲ್ ತುಳಿದದ್ದು ಕಾರ್ಮಿಕನ ತಪ್ಪು ಎಂದಿತ್ತು.

"ಪೆಡಲ್ ಎಲ್ಲೈತ್ರಿ?"

"ಮುಂದೆ."

"ಹಿಂದ ನಿಂತು ಒರಸಾಂವ ಮುಂದಿನ ಪೆಡಲ್ ಹೆಂಗ ತುಳಿತಾನ?"

ಅವನು ಫೋನು ನೋಡಿಕೊಂಡ. ನಾನು ಸೈನ್ ಹಾಕಲಿಲ್ಲ.

ತಿಂಗಳಾದ ಮೇಲೆ ಶಾಂಭವಿ ಎಂಬ ಹುಡುಗಿ ವೈಟ್‌ಫೀಲ್ಡಿನಿಂದ ಬಂದಳು. ಆ ಪ್ರೆಸ್ಸಿಗೆ ಪ್ರೋಗ್ರಾಂ ಬರೆಯುವ ಆಫೀಸಿನವಳು. ಇವಳನ್ನು ಯಾರು ಕಳಿಸಿದರೋ ಎಂದು ನೀರು ಕೂಡ ಕೊಡಲಿಲ್ಲ. ಅವಳು ಲ್ಯಾಪ್‌ಟಾಪ್ ತೆರೆದು ಒಂದು ಸಾಲು ತೋರಿಸಿದಳು. ಪ್ರೆಸ್ಸು ಇಳಿಯಬೇಕೋ ಬೇಡವೋ ಎಂದು ಬರೆದಿಟ್ಟುಕೊಳ್ಳಲು ಪ್ರೋಗ್ರಾಮಿನಲ್ಲಿ ಒಂದು ಜಾಗವಂತೆ. ಕರೆಂಟ್ ಬಂದ ಕೂಡಲೇ ಅಲ್ಲಿ ಸೊನ್ನೆ ಬರೆಯಬೇಕಂತೆ. ಬರೆದಿರಲಿಲ್ಲ. ಅಲ್ಲಿ ಬಿದ್ದಿದ್ದ ಯಾವುದೋ ಹಳೆಯ ಅಂಕಿಯ ಕಸವನ್ನೇ ಮಷೀನು ಇಳಿ ಎಂಬ ಅಪ್ಪಣೆ ಎಂದುಕೊಳ್ಳುತ್ತದಂತೆ. ಸೊನ್ನೆಯೇ ಬಿದ್ದಿದ್ದರೆ ಸುಮ್ಮನಿರುತ್ತದಂತೆ. ಪ್ರೋಗ್ರಾಮನ್ನು ಮಷೀನಿನ ಭಾಷೆಗೆ ತಿರುಗಿಸುವ ಕಂಪೈಲರ್ ಈ ತಪ್ಪನ್ನು ಮೊದಲೇ ಹೇಳಿತ್ತಂತೆ.

"ಹೇಳಿದ್ರ ಯಾಕ ಕೇಳಲಿಲ್ಲ?"

"ಅಂಥ ವಾರ್ನಿಂಗ್ ನೂರಾರು ಬರ್ತವೆ ಅಕ್ಕ. ತೋರಿಸ್ಬೇಡ ಅಂತ ಆಫ್ ಮಾಡಿದ್ವಿ."

"ಇದನ್ನೆಲ್ಲಾ ನನಗ್ಯಾಕ ಹೇಳ್ತಿ?"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಆ ಸಾಲು ಬರ್ದೋಳು ನಾನೇ."

ನನಗೆ ಅಳು ಬರಲಿಲ್ಲ. ಹೊಡೆಯಬೇಕು ಎನಿಸಿತು. ಹೊಡೆದರೆ ಎದ್ದು ಹೋಗುತ್ತಾಳೆ, ನನ್ನ ಗಂಡನ ಮೇಲೆ ಹೊರಿಸಿದ ತಪ್ಪು ಹಾಗೇ ಉಳಿಯುತ್ತದೆ. ಹಾಳೆ, ಪೆನ್ನು ಮುಂದಿಟ್ಟೆ.

"ಹೇಳಿದ್ದನ್ನ ಬರಿ. ಸೈನ್ ಹಾಕು."

"ಕೆಲಸ ಹೋಗುತ್ತೆ ಅಕ್ಕ."

"ಹೋಗ್ಲಿ."

ಬರೆದಳು. ನನಗೆ ನಂಬಿಕೆ ಬರಲಿಲ್ಲ. ಪಕ್ಕದ ಮನೆಯ ಭಾನುಪ್ರಕಾಶನಿಂದ ಎರಡು ಸಲ ಓದಿಸಿದೆ. ಸರಿಯಾಗಿತ್ತು. ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಕೈಗೆ ಕೊಟ್ಟೆ. ಅವಳ ಕೆಲಸ ಹೋಯಿತು ಎಂದು ಆಮೇಲೆ ಕೇಳಿದೆ.

ಎಂಟು ತಿಂಗಳಿಗೆ ಇನ್‌ಸ್ಪೆಕ್ಟರ್ ಆಫೀಸಿನಿಂದ ಬೇರೆ ಕಾಗದ ಬಂತು. ಕಾರ್ಮಿಕನ ತಪ್ಪಿಲ್ಲ ಎಂದಿತ್ತು. ಅದನ್ನೂ ಅಕ್ಷರ ಕೂಡಿಸಿ ಓದಿದೆ. ಫ್ಯಾಕ್ಟರಿಯವರು ಕಸ ಗುಡಿಸುವ ಕೆಲಸ ಕೊಟ್ಟರು. ಬಾಯಿ ಮುಚ್ಚಿಸಲು ಕೊಟ್ಟರೋ ಏನೋ. ಹೋಗುತ್ತಿದ್ದೇನೆ.

ಪ್ರೋಗ್ರಾಂ ಸರಿಮಾಡಿದ್ದೇವೆ ಎನ್ನುತ್ತಾರೆ. ಇರಬಹುದು. ಈಗ ಒರೆಸುವುದು ದಿನಾ ಬೆಳಿಗ್ಗೆ. ಮೊದಲ ಶಿಫ್ಟಿನವರು ಬರುವ ಮುಂಚೆ ನಾನು ಆ ಪ್ರೆಸ್ಸಿನ ಮೇನ್ ಸ್ವಿಚ್ ಇಳಿಸಿ ನನ್ನದೇ ಬೀಗ ಹಾಕುತ್ತೇನೆ. ಎಲ್ಲರ ಕೈಯೂ ಹೊರಗೆ ಬಂದದ್ದನ್ನು ನೋಡಿದ ಮೇಲೆಯೇ ತೆಗೆಯುತ್ತೇನೆ.